ಬಟ್ಟೆಗೆ ಹತ್ತದ ಬಣ್ಣ

ಶಾಲಿನ ತುದಿಯಲ್ಲಿ ಒಂದು ಕೆಂಪು ಕಲೆ ಇತ್ತು. ಕಡಲೆಕಾಳಿನಷ್ಟಿದ್ದಿರಬಹುದು. ಆದರೆ ಅತ್ತೆ ಬೊಸ್ಸಾನ್ ಅದನ್ನು ಅಂಗಳದ ನಲ್ಲಿಯ ಪಕ್ಕ ಬಿಸಿಲಿಗೆ ಎತ್ತಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ ಪರಿಗೆ, ಯಾರೋ ಕೊಲೆಯ ಕತ್ತಿ ಒರೆಸಿಟ್ಟ ಬಟ್ಟೆಯೇ ಇರಬೇಕು ಅನ್ನಿಸುವಂತಿತ್ತು.

"ಗೆಲಿನ್, ಬಾ ಇಲ್ಲಿ."

ಗೆಲಿನ್ ಅಂದರೆ ಸೊಸೆ. ಆ ಮನೆಯಲ್ಲಿ ಅವಳಿಗೆ ಬೇರೆ ಹೆಸರಿರಲಿಲ್ಲ. ಅವಳು ಬಂದಳು. ತಲೆಗೆ ಹೊದ್ದ ಇನ್ನೊಂದು ಶಾಲಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಾಯಿ ಮರೆಮಾಡಿಕೊಂಡು, ಕಣ್ಣು ನೆಲಕ್ಕೆ ಹಾಕಿ ನಿಂತಳು.

"ಇದೇನೇ ಇದು? ಮುಚ್ಚಿರೋ ಬಾಯಿಗೆ ಯಾರು ನೋಡ್ಲಿ ಅಂತ ಬಣ್ಣ? ಬಟ್ಟೆ ನೋಡ್ಲಿ ಅಂತಾನಾ?"

ಹಲ್ಲಲ್ಲಿ ಬಟ್ಟೆ ಇರುವವಳು ಏನು ಹೇಳಿಯಾಳು?

"ಬೆಣ್ಣೆ ಬಣ್ಣದ ಶಾಲು ಕೊಡಿಸಿದ್ದು ಯಾಕೆ ಗೊತ್ತಾ? ಒಂದು ಚುಕ್ಕೆ ಬಿದ್ರೂ ಕಾಣ್ಲಿ ಅಂತ," ಎಂದಳು ಬೊಸ್ಸಾನ್. ತನ್ನ ಜಾಣತನದ ಮೇಲೆ ಅವಳಿಗೆ ಹೆಮ್ಮೆಯಿತ್ತು.

ಹೀಗೆ ಬಟ್ಟೆ ಕಚ್ಚುವುದಕ್ಕೆ ನಮ್ಮ ತೆಜೆನ್ ಊರಿನಲ್ಲಿ ಯಾಶ್ಮಾಕ್ ಅನ್ನುತ್ತೇವೆ. ಮದುವೆಯಾಗಿ ಬಂದ ಹುಡುಗಿ ಗಂಡನ ಮನೆಯ ಹಿರಿಯರ ಮುಂದೆ ಶಾಲಿನ ಅಂಚನ್ನು ಕಚ್ಚಿ ಹಿಡಿಯುತ್ತಾಳೆ. ಮಾವನ ಮುಂದೆ ಒಂದು ಮಾತೂ ಇಲ್ಲ. ಏನಾದರೂ ಹೇಳಲೇಬೇಕಾದರೆ ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಬೇಕು. ಅತ್ತೆ ಅದನ್ನು ಗಟ್ಟಿಯಾಗಿ ಹೇಳುತ್ತಾಳೆ, ಹೇಳಬೇಕೆನಿಸಿದರೆ, ತನಗೆ ಬೇಕಾದ ಹಾಗೆ. ಕೊನೆಗೊಂದು ದಿನ ಮಾವ ಒಂದು ಉಡುಗೊರೆ ಕೊಟ್ಟು "ಇನ್ನು ಮಾತಾಡಮ್ಮಾ" ಅಂದಾಗ ಬಟ್ಟೆ ಬೀಳುತ್ತದೆ. ಎಷ್ಟೋ ಮನೆಗಳಲ್ಲಿ ಇದೆಲ್ಲ ವಾರದ ಆಟ. ಸೊಸೆಯೂ ಮಾವನೂ ನಗುತ್ತಲೇ ಮುಗಿಸುತ್ತಾರೆ. ಬೊಸ್ಸಾನಳ ಗಂಡ, ಊರು ಮರ್ಯಾದೆಯಿಂದ 'ಆಗಾ' ಎಂದು ಕರೆಯುವ ಹುದಾಯ್‌ನಜರನ ಮನೆಯಲ್ಲಿ ಅದು ಆಟವಾಗಿರಲಿಲ್ಲ. ಚಳಿಗಾಲ ಕಳೆದು ತೆಜೆನ್ನಿನ ಖರಬೂಜ ಹಣ್ಣಾಗಿದ್ದರೂ ಅವನ ಬಾಯಿಂದ ಆ ಮಾತು ಬಂದಿರಲಿಲ್ಲ. ಗೋಧಿ ಕೊಯ್ಲು ಆಗಲಿ ಅಂದ. ಕೊಯ್ಲು ಆಯಿತು. ಈಗ, ಒಂದು ಗಂಡು ಮಗು ಆಗಲಿ ಅನ್ನುತ್ತಿದ್ದ.

ಅವಳ ನಿಜವಾದ ಹೆಸರು ದೊಯ್ದುಕ್. ನಮ್ಮ ಮಾತಿನಲ್ಲಿ ಹಾಗೆಂದರೆ 'ಹೊಟ್ಟೆ ತುಂಬಿತು, ಸಾಕು' ಎಂದರ್ಥ. ಊಟಕ್ಕೆ ಕೂತವರು ತಟ್ಟೆ ಸರಿಸಿ ಹೇಳುವ ಮಾತು. ಸಾಲಾಗಿ ಹೆಣ್ಣು ಹುಟ್ಟಿದ ಮನೆಯಲ್ಲಿ ಕೊನೆಯವಳಿಗೆ ಈ ಹೆಸರಿಟ್ಟರೆ ಮುಂದಿನದು ಗಂಡಾಗುತ್ತದೆಂದು ನಂಬಿಕೆ. ಆಯಿತು ಕೂಡ, ಅಪ್ಪ ಆ ಕೀರ್ತಿಯನ್ನು ಹೆಸರಿಗೆ ಕೊಟ್ಟ, ಅವಳಿಗಲ್ಲ. ಚಿಕ್ಕಂದಿನಲ್ಲಿ ಮದುವೆ ಮನೆಗಳಲ್ಲಿ ಊಟ ಮುಗಿಯುವ ಹೊತ್ತಿಗೆ ನಾಲ್ಕು ದಿಕ್ಕಿನಿಂದ "ದೊಯ್ದುಕ್, ದೊಯ್ದುಕ್" ಕೇಳಿಸುತ್ತಿತ್ತು. ಅವಳು ಕರೆದವರು ಯಾರೆಂದು ಕತ್ತು ತಿರುಗಿಸಿ ತಿರುಗಿಸಿ ಸೋಲುತ್ತಿದ್ದಳು. ಅಕ್ಕಂದಿರು ಬಿದ್ದು ಬಿದ್ದು ನಗುತ್ತಿದ್ದರು.

ಮದುವೆಗೆ ಮುಂಚೆ ಅವಳು ಒಂದನೇ ತರಗತಿಗೆ ಅಕ್ಷರ ಕಲಿಸುತ್ತಿದ್ದಳು. ನಮ್ಮ ಭಾಷೆಯಲ್ಲಿ ತುಟಿ ದುಂಡಗೆ ಮಾಡಿ ಮುಂದಕ್ಕೆ ಚಾಚದೆ ಹುಟ್ಟದ ಸ್ವರಗಳಿವೆ. ಮಕ್ಕಳು ಕಿವಿಯಿಂದ ಕಲಿಯುವುದಕ್ಕಿಂತ ಹೆಚ್ಚಾಗಿ ಟೀಚರ ಬಾಯಿ ನೋಡಿ ಕಲಿಯುತ್ತಾರೆ. ಹಿಂದಿನ ಬೆಂಚಿನ ಒಬ್ಬಳು "ನಿಮ್ಮ ಬಾಯಿ ಕಾಣಲ್ಲ" ಎಂದು ಅತ್ತ ದಿನದಿಂದ ದೊಯ್ದುಕ್ ತುಟಿಗೆ ಗಾಢ ಬಣ್ಣ ಹಚ್ಚತೊಡಗಿದಳು. ಬಣ್ಣವೂ ಕಪ್ಪು ಹಲಗೆ, ಸೀಮೆಸುಣ್ಣದ ಹಾಗೆ ಅವಳ ಕಸುಬಿನ ಸಾಮಾನಾಯಿತು. ಮದುವೆಯಾದ ಮೇಲೂ ಬಿಡಲಾಗಲಿಲ್ಲ. ಬಟ್ಟೆಯ ಹಿಂದೆ, ಯಾರೂ ನೋಡದಲ್ಲಿ, ಅಡುಗೆಮನೆಯಲ್ಲಿ ಹಿಟ್ಟು ನಾದುತ್ತ ಅವಳು ತುಟಿ ದುಂಡಗೆ ಮಾಡಿ ಸದ್ದಿಲ್ಲದೆ ಪಾಠ ಹೇಳುತ್ತಿದ್ದಳು. ಬಾಯಿ ಮರೆತುಹೋದೀತೆಂಬ ಭಯ ಅವಳಿಗೆ.

ಈಗ ಭಾನುವಾರ ಮುಖ್ಯೋಪಾಧ್ಯಾಯಿನಿ ಒಗುಲ್‌ನಬಾತ್ ಮನೆಗೆ ಬರುವವಳಿದ್ದಳು. ಸೆಪ್ಟೆಂಬರಿಗೆ ಶಾಲೆ ತೆರೆಯುತ್ತದೆ. ದೊಯ್ದುಕ್ ಬರುತ್ತಾಳೋ ಇಲ್ಲವೋ, ಅಂದೇ ತಿಳಿಯಬೇಕು. ಇಲ್ಲವಾದರೆ ಆ ಜಾಗ ಬೇರೆಯವರಿಗೆ. ಒಮ್ಮೆ ಹೋದ ಜಾಗ ತೆಜೆನ್ನಿನಲ್ಲಿ ಮತ್ತೆ ಸಿಗುವುದಿಲ್ಲ.

ಶುಕ್ರವಾರ ಅವಳು ನಾದಿನಿ ಮಾಯ್ಸಾಳನ್ನು ಕರೆದುಕೊಂಡು ಬಜಾರಿಗೆ ಹೋದಳು. ಕೊತ್ತಂಬರಿ ತರಬೇಕೆಂದು ಹೇಳಿ ಹೊರಟಿದ್ದರು. ಬೀದಿಯ ತಿರುವು ದಾಟುತ್ತಲೇ ಶಾಲಿನ ಅಂಚು ಬಾಯಿಂದ ಜಾರಿತು. ಮಾಯ್ಸಾ ಗುತಾಪ್ ಅಂಗಡಿ ಕಂಡಲ್ಲಿ ನಿಂತು, ಸೊಪ್ಪು ತುಂಬಿ ಕರಿದ, ಎಣ್ಣೆ ತೊಟ್ಟಿಕ್ಕುವ ಗುತಾಪ್ ಒಂದನ್ನು ಕೊಂಡು ತಿನ್ನುತ್ತ ಹಿಂದೆ ಬಂದಳು.

"ಅತ್ತಿಗೆ, ಅಮ್ಮಂಗೆ ಗೊತ್ತಾದ್ರೆ ನಿನ್ನ ಜೊತೆ ನನ್ನೂ ಒಗೆದು ಹಗ್ಗಕ್ಕೆ ಹಾಕ್ತಾಳೆ."

"ನೀನು ಬೇಗ ಒಣಗ್ತೀಯ ಬಿಡು. ಮೈಮೇಲೆ ಮಾಂಸ ಎಲ್ಲಿದೆ?"

ತುಟಿಬಣ್ಣ ಮಾರುವ ಚಿನಾರಳ ಅಂಗಡಿಯೆಂದರೆ ಒಂದು ಮೇಜು, ಒಂದು ಕೊಡೆ, ಒಂದು ಕನ್ನಡಿ. ಚಿನಾರ್ ಕಣ್ಣರಳಿಸಿದಳು. "ಅಯ್ಯೋ, ಟೀಚರಮ್ಮ! ಬಾಯಿ ಇನ್ನೂ ಇದೆಯಾ? ಹುದಾಯ್‌ನಜರ್ ಆಗಾ ಬೀಗ ಹಾಕಿ ಬೀಗದಕೈ ಜೇಬಲ್ಲಿಟ್ಕೊಂಡವ್ರೆ ಅಂತ ಕೇಳ್ದೆ."

"ಬಟ್ಟೆಗೆ ಹತ್ತದೇ ಇರೋ ಬಣ್ಣ ಬೇಕು. ಕಚ್ಚಿ ಹಿಡಿದ್ರೂ ಹತ್ಬಾರ್ದು."

"ಮುತ್ತು ಕೊಟ್ರೂ ಹತ್ತಲ್ಲ ಅಂತ ಹೇಳಿ ಮಾರ್ತೀನಿ ನಾನು. ಬಟ್ಟೆ ಕಚ್ಚೋಕೆ ಕೇಳಿದೋಳು ನೀನೇ ಮೊದ್ಲು," ಎಂದು ಚಿನಾರ್ ನಕ್ಕಳು. ಇನ್ನೊಂದು ಗಳಿಗೆ ಅವಳ ಮುಖ ನೋಡಿ ನಗು ನಿಲ್ಲಿಸಿದಳು. "ಕೊಡು ಕೈ."

ಮುಂಗೈಯ ಒಳಭಾಗದಲ್ಲಿ ಸಾಲಾಗಿ ಗೆರೆ ಎಳೆದಳು. ಕಡ್ಡಿಯಂಥದ್ದು ನುಣ್ಣಗೆ ಜಾರಿತು. ಮೇಜಿನ ಮೇಲಿದ್ದ ಚಿಂದಿಯಿಂದ ಒತ್ತಿದ್ದೇ ಪೂರಾ ಬಟ್ಟೆಗೆ ಬಂತು. ಹೊಳಪಿನದು ಜೇನಿನ ಹಾಗೆ ಅಂಟಿಕೊಂಡಿತು, ಬಟ್ಟೆಯ ನೂಲನ್ನೂ ಕಿತ್ತುಕೊಂಡಿತು. ಆಮೇಲೆ ಪುಟ್ಟ ಟ್ಯೂಬಿನದು, ಮುಚ್ಚಳಕ್ಕೇ ಕುಂಚ ಇರುವ ನೀರು ಬಣ್ಣ. ಎಳೆದಾಗ ಒದ್ದೆ ಒದ್ದೆ. ಊದಿದಳು, ಕಾದಳು, ಗಾಳಿ ಹಾಕಿದಳು. ಹೊಳಪು ಆರಿ ಗೋಡೆಗೆ ಬಳಿದ ಬಣ್ಣದಂತಾಯಿತು. ದೊಯ್ದುಕ್ ಶಾಲಿನ ಅಂಚಿನಿಂದ ಮೊದಲು ಮೆಲ್ಲಗೆ, ಆಮೇಲೆ ಚರ್ಮ ಕೆಂಪಾಗುವವರೆಗೆ ಉಜ್ಜಿದಳು. ಬಟ್ಟೆ ಇದ್ದ ಹಾಗೇ ಇತ್ತು.

"ನೋಡೋಣ," ಎಂದು ಮಾಯ್ಸಾ ಗುತಾಪ್ ಹಿಡಿದಿದ್ದ ಬೆರಳನ್ನೇ ಆ ಗೆರೆಯ ಮೇಲೆ ಎಳೆದಳು. ಬಣ್ಣ ಕರಗಿ ಕೈತುಂಬ ಹರಡಿತು.

"ಹಾಳಾದೋಳೇ!" ಚಿನಾರ್ ಅವಳ ಕೈಗೆ ಹೊಡೆದಳು. "ಅದೊಂದೇ ಅದರ ವೈರಿ. ಎಣ್ಣೆ. ನೀರು ಕುಡಿ, ಚಹಾ ಕುಡಿ, ಅಳು, ಏನಾದ್ರೂ ಮಾಡು. ಪಲಾವ್ ಮಾತ್ರ ಮುಟ್ಬೇಡ. ಮುಟ್ಟಿದ್ಯೋ, ಮುಗೀತು."

ಯಾವ ಬಣ್ಣ ಕೊಳ್ಳುವುದೆಂದು ತೀರ್ಮಾನಿಸುವುದೇ ಕಷ್ಟವಾಯಿತು. ಒಂದು ಚರ್ಮದ್ದೇ ಬಣ್ಣದ್ದು, ಚಿನಾರ್ ಹೇಳಿದಂತೆ "ಹಚ್ಚಿದೀಯ ಅಂತ ನಿಂಗೂ ದೇವ್ರಿಗೂ ಬಿಟ್ರೆ ಯಾರಿಗೂ ಗೊತ್ತಾಗಲ್ಲ." ಇನ್ನೊಂದು ನಮ್ಮ ಜಮಖಾನೆಗಳ ಕೆಂಪು, ಮಂಜಿಷ್ಠದ ಬೇರಿನ ರಸದಲ್ಲಿ ಅದ್ದಿದ ಉಣ್ಣೆಯಂಥ ಕೆಂಪು. ದೊಯ್ದುಕ್ ಮೊದಲನೆಯದನ್ನು ಕೈಗೆತ್ತಿಕೊಂಡಳು. ಇಟ್ಟಳು. ಮತ್ತೆ ಎತ್ತಿಕೊಂಡಳು. ಕೊತ್ತಂಬರಿ ಕಟ್ಟು ಬಾಡುತ್ತಿತ್ತು, ಮಾಯ್ಸಾ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಿದ್ದಳು, ಬೀದಿಯಲ್ಲಿ ಯಾರಾದರೂ ಪರಿಚಯದ ಮುದುಕಿ ಬಂದಾಳೆಂದು ಬೆನ್ನು ಚುರುಗುಟ್ಟುತ್ತಿತ್ತು.

"ಬೇಗ ಅತ್ತಿಗೆ! ಕಾಣ್ದೇ ಇರೋದೇ ತಗೋ. ಕ್ಷೇಮ."

ಆ 'ಕ್ಷೇಮ' ಅನ್ನುವ ಮಾತು ಅವಳಿಗೆ ಎಲ್ಲೋ ಚುಚ್ಚಿತು. "ಇಲ್ಲ, ಆ ಕೆಂಪು," ಎಂದಳು. "ಹಿಂದಿನ ಬೆಂಚಿಗೂ ಕಾಣ್ಬೇಕು."

ಭಾನುವಾರ ಬೆಳಿಗ್ಗೆ ಅವಳು ತಂದೂರಿ ಒಲೆಯಿಂದ ಚೊರೆಕ್ ರೊಟ್ಟಿ ಎತ್ತಿ, ಕುರಿಮಾಂಸಕ್ಕೆ ಈರುಳ್ಳಿ ಹೆಚ್ಚಿಕೊಟ್ಟು, ಬಾಯಿಗೆ ಏನೂ ಹಾಕಿಕೊಳ್ಳದೆ ಕೋಣೆಗೆ ಬಂದು ಬಾಗಿಲು ಓರೆ ಮಾಡಿದಳು. ಒದ್ದೆ ಟವೆಲಿನಿಂದ ತುಟಿಯ ಸಿಪ್ಪೆಯೆಲ್ಲ ಹೋಗುವಂತೆ ಉಜ್ಜಿದಳು. ಸಿಪ್ಪೆ ಉಳಿದರೆ ಬಣ್ಣ ಅದನ್ನು ಹಿಡಿದುಕೊಂಡು ಬಿರುಕು ಬಿಡುತ್ತದೆ. ಮುಲಾಮು ಸವರಿ, ಅದು ಇಂಗಲೆಂದು ಕಾದು, ಒಂದಿಷ್ಟೂ ಜಿಡ್ಡು ಉಳಿಯದ ಹಾಗೆ ಒರೆಸಿದಳು. ಪೆನ್ಸಿಲಿನಿಂದ ಮೇಲ್ದುಟಿಯ ನಡುವಿನ ಬಾಗು ತಿದ್ದಿ, ಅಲ್ಲಿಂದ ಎರಡೂ ಮೂಲೆಗೆ ಗೆರೆ ಇಳಿಸಿದಳು. ಗೆರೆ ಸೊಟ್ಟಗಾಯಿತು. ಒರೆಸಿದಳು, ಮತ್ತೆ ಎಳೆದಳು. ಹೊರಗೆ ಅಂಗಳದಲ್ಲಿ ಮಾವ ಕೆಮ್ಮಿದ. ಗೆರೆ ಮತ್ತೆ ಸೊಟ್ಟಗಾಯಿತು.

ಕೊನೆಗೆ ಕುಂಚ ತೆಗೆದು, ಟ್ಯೂಬಿನ ಬಾಯಿಗೆ ಒರೆಸಿ, ತುಟಿಯ ನಡುವಿನಿಂದ ಹೊರಕ್ಕೆ ತೆಳ್ಳಗೆ ಒಂದು ಲೇಪ ಹಚ್ಚಿದಳು. ಇದು ಆರುವತನಕ ತುಟಿಗೆ ತುಟಿ ತಾಗಬಾರದು. ಬಾಯಿ ಅರ್ಧ ತೆರೆದು, ನೀರಿಂದ ತೆಗೆದ ಮೀನಿನ ಹಾಗೆ ಅವಳು ಕೂತಿರುವಾಗಲೇ ಗಂಡ ಕೆರ್ವೆನ್ ಒಳಗೆ ಬಂದ.

"ಏನಿದು?"

ಅವಳು ಕೈ ಎತ್ತಿ, ತಾಳು ಎಂದು ಸನ್ನೆ ಮಾಡಿದಳು.

"ಇವತ್ತು ಬೇಕಿತ್ತಾ? ಅಮ್ಮ ನೋಡಿದ್ರೆ?" ಅವನು ಬಾಗಿಲ ಸಂದಿಯಿಂದ ಹೊರಗೆ ನೋಡಿ ದನಿ ತಗ್ಗಿಸಿದ. "ನೋಡು, ಅಪ್ಪ ಹೇಳ್ತಾರೆ. ನೀನೇನೂ ಕೇಳೋಕೆ ಹೋಗ್ಬೇಡ. ಈ ವರ್ಷ ಇಲ್ಲಾಂದ್ರೆ ಮುಂದಿನ ವರ್ಷ. ಎಲ್ಲಿಗೆ ಹೋಗುತ್ತೆ ಶಾಲೆ?"

ಶಾಲೆ ಇರುತ್ತದೆ, ಜಾಗ ಹೋಗುತ್ತದೆ ಅನ್ನಬೇಕಿತ್ತು ಅವಳಿಗೆ. ಬಣ್ಣ ಇನ್ನೂ ಆರಿರಲಿಲ್ಲ. ಮದುವೆಗೆ ಮುಂಚೆ ಅವನು ಶಾಲೆಯ ಗೇಟಿನ ಹತ್ತಿರ ನಿಂತು "ಮಕ್ಕಳಿಗೆ ಹೇಳೋ ಹಾಗೆ ನಂಗೂ ಒಂದು ಪಾಠ ಹೇಳು" ಎಂದು ಕಾಡಿಸುತ್ತಿದ್ದ. ಆಗ ಅವನಿಗೆ ಈ ಬಾಯಿ ಬೇಕಾಗಿತ್ತು.

"ಅಂದ್ರೆ ಒಪ್ಕೊಂಡ್ಯಲ್ಲ? ಸುಮ್ನಿದೀಯ ಅಂದ್ರೆ ಒಪ್ಕೊಂಡ ಹಾಗೆ," ಎಂದು ಅವನು ಹಗುರಾಗಿ ಹೊರಟೇಹೋದ.

ಸುಮ್ಮನಿರುವುದನ್ನು ಒಪ್ಪಿಗೆಯೆಂದು ಓದುವುದು ನಮ್ಮ ಗಂಡಸರಿಗೆ ಯಾರೂ ಕಲಿಸಬೇಕಿಲ್ಲ. ಮೊದಲು ಬಾಯಿಗೆ ಬಟ್ಟೆ ಕೊಡುತ್ತಾರೆ. ಆಮೇಲೆ, ನೋಡಿ, ಅವಳು ಇಲ್ಲ ಅನ್ನಲೇ ಇಲ್ಲವಲ್ಲ ಅನ್ನುತ್ತಾರೆ.

ಮೊದಲ ಲೇಪ ಆರಿತು. ಕಾಗದದ ಕರವಸ್ತ್ರ ಒತ್ತಿ ನೋಡಿ, ಎರಡನೆಯದನ್ನು ಹಚ್ಚಿದಳು. ತುಟಿ ಬಿಗಿಯಿತು, ಮರುಭೂಮಿಯ ಒಣ ಮಣ್ಣಿನ ಹಾಗೆ. ಕನ್ನಡಿಗೆ ತುಟಿ ದುಂಡಗೆ ಮಾಡಿ ತೋರಿಸಿದಳು. ಕೆಂಪು ಉಂಗುರದಂತೆ ಕಂಡಿತು. ಆಮೇಲೆ ಬೆಣ್ಣೆ ಬಣ್ಣದ ಶಾಲು ಹೊದ್ದು, ಅಂಚು ಕಚ್ಚಿ, ಚಹಾದ ಕೆಟಲುಗಳನ್ನು ಎತ್ತಿಕೊಂಡು ಹೊರಗೆ ಬಂದಳು.

ಒಗುಲ್‌ನಬಾತ್ ದಪ್ಪ ಹೆಂಗಸು, ನಕ್ಕರೆ ಚಿನ್ನದ ಹಲ್ಲು ಹೊಳೆಯುತ್ತದೆ. ತೆಜೆನ್ನಿನ ಅರ್ಧ ಊರಿಗೆ ಅಕ್ಷರ ಕಲಿಸಿದವಳು; ದೊಯ್ದುಕ್‌ಗೂ ಅವಳೇ ಕಲಿಸಿದ್ದು. ಅವಳನ್ನು ಎಲ್ಲರೂ ಮುಗಲ್ಲಿಮ್, ಅಂದರೆ ಗುರುಗಳೇ, ಎಂದೇ ಕರೆಯುತ್ತಾರೆ. ಜಮಖಾನೆಯ ಮೇಲೆ ಊಟದ ಬಟ್ಟೆ ಹಾಸಿತ್ತು. ಒಬ್ಬೊಬ್ಬರ ಮುಂದೆ ಒಂದೊಂದು ಕೆಟಲು, ನಡುವೆ ಸೀಳಿದ ಖರಬೂಜ, ಹೊಗೆಯಾಡುವ ಪಲಾವ್. ಹುದಾಯ್‌ನಜರ್ ಯಜಮಾನನ ಜಾಗದಲ್ಲಿ ದಿಂಬಿಗೊರಗಿದ್ದ. ಕೆರ್ವೆನ್ ಅವನ ಪಕ್ಕ. ಮಾಯ್ಸಾ ಬಾಗಿಲ ಬಳಿ. ದೊಯ್ದುಕ್ ಅತ್ತೆಯ ಬೆನ್ನ ಹಿಂದೆ ಮಂಡಿಯೂರಿ ಕೂತಳು. ಬೆಳಿಗ್ಗೆಯಿಂದ ಹಸಿದ ಹೊಟ್ಟೆ ಪಲಾವಿನ ವಾಸನೆಗೆ ಗುರ್ ಎಂದಿತು.

ಮಾತು ಖರಬೂಜದ ಸಿಹಿಗೆ ಹೋಯಿತು, ಕಾಲುವೆಯ ನೀರಿಗೆ ಹೋಯಿತು, ಯಾರದೋ ಮೊಣಕಾಲು ನೋವಿಗೆ ಹೋಯಿತು. ಶಾಲೆಯ ಹತ್ತಿರ ಬರಲೇ ಇಲ್ಲ. ದೊಯ್ದುಕ್ ಕಾಲಿನ ಬೆರಳುಗಳನ್ನು ಮಡಿಸಿ ಬಿಡಿಸಿ ಮಾಡುತ್ತಿದ್ದಳು. ಬಟ್ಟೆಯ ಹಿಂದೆ ತುಟಿ ಉರಿಯುತ್ತಿತ್ತು. ನಾಲಗೆ ತಾಗಿಸಿದರೆ ಬಣ್ಣ ಹೋದೀತೇ ಎಂಬ ಹೆದರಿಕೆ ಬೇರೆ.

ಕೊನೆಗೆ ಒಗುಲ್‌ನಬಾತ್ ಬಟ್ಟಲು ಕೆಳಗಿಟ್ಟಳು. "ಹುದಾಯ್‌ನಜರ್ ಆಗಾ, ನಾನು ಬಂದಿದ್ದು ಖರಬೂಜ ತಿನ್ನೋಕಲ್ಲ. ಒಂದನೇ ಕ್ಲಾಸಿಗೆ ನಿಮ್ಮ ಸೊಸೆ ಬರ್ತಾಳಾ? ಇಲ್ಲ ಅಂದ್ರೆ ಇವತ್ತು ಸಂಜೆ ಇನ್ನೊಬ್ಬಳಿಗೆ ಮಾತು ಕೊಡ್ತೀನಿ."

ಹುದಾಯ್‌ನಜರ್ ಗಡ್ಡ ನೀವಿದ. "ಅಯ್ಯೋ ಮುಗಲ್ಲಿಮ್, ನಾವೇನು ಹಳೇ ಕಾಲದೋರಾ? ನಮ್ಮನೇಲಿ ಬಲವಂತ ಅನ್ನೋದೇ ಇಲ್ಲ. ಅವಳನ್ನೇ ಕೇಳಿ. ಅವಳು ಏನಂತಾಳೋ ಅದೇ."

ಬೊಸ್ಸಾನ್ ಹಿಂದಕ್ಕೆ ವಾಲಿ ಕಿವಿ ಕೊಟ್ಟಳು. ದೊಯ್ದುಕ್ ಆ ಕಿವಿಗೆ, ಬೆಳ್ಳಿಯ ಭಾರಕ್ಕೆ ಜೋತುಬಿದ್ದ ಆ ಕಿವಿಗೆ, ಬಟ್ಟೆಯ ಸಂದಿಯಿಂದ ಹೇಳಿದಳು: "ಬರ್ತೀನಿ ಅಂತ ಹೇಳಿ ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ. ಬರ್ತೀನಿ ಅಂತ ಹೇಳಿ."

ಬೊಸ್ಸಾನ್ ನೆಟ್ಟಗೆ ಕೂತಳು. ಊಟದ ಬಟ್ಟೆಯ ಮೇಲಿದ್ದ ರೊಟ್ಟಿಯ ಚೂರೊಂದನ್ನು ಆರಿಸಿ ಬದಿಗಿಟ್ಟಳು.

"ಅವಳಿಗೆ ಮನೆಯೇ ಸಾಕಂತೆ," ಎಂದಳು.

ಕೆರ್ವೆನ್ ಚಹಾದ ಬಟ್ಟಲಿನೊಳಗೆ ನೋಡಿದ. ಅವನು ಹೆಂಡತಿಯ ಪಿಸುಮಾತು ಕೇಳುವಷ್ಟು ಹತ್ತಿರವೇ ಇದ್ದ. ಅವನ ಬಾಯಿಗೆ ಯಾರೂ ಬಟ್ಟೆ ಕಟ್ಟಿರಲಿಲ್ಲ.

"ಕೇಳಿದ್ರಲ್ಲ," ಎಂದ ಹುದಾಯ್‌ನಜರ್ ಸಮಾಧಾನದಿಂದ. "ಇನ್ನು ಸ್ವಲ್ಪ ಪಲಾವ್ ಹಾಕ್ಕೊಳ್ಳಿ ಮುಗಲ್ಲಿಮ್. ಏನೂ ತಿಂದಿಲ್ಲ ನೀವು."

ಒಗುಲ್‌ನಬಾತ್ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. "ದೊಯ್ದುಕ್," ಎಂದಳು.

ಸಾಕು ಅಂದಳಲ್ಲ, ಊಟ ಮುಗಿಯಿತಲ್ಲ. ಹುದಾಯ್‌ನಜರ್ ಎರಡೂ ಅಂಗೈ ಮೇಲೆತ್ತಿ ಊಟದ ಕೊನೆಯ ಪ್ರಾರ್ಥನೆಗೆ ಕಣ್ಣು ಮುಚ್ಚಿದ. ಬೊಸ್ಸಾನ್ ಅಂಗೈ ಎತ್ತಿದಳು. ಕೆರ್ವೆನ್ ಗಡಿಬಿಡಿಯಿಂದ ಬಟ್ಟಲಿಟ್ಟು ತಾನೂ ಎತ್ತಿದ. ಒಗುಲ್‌ನಬಾತಳ ಕೈಗಳು ಮಾತ್ರ ಮಡಿಲಲ್ಲೇ ಇದ್ದವು. ಅವಳು ಅತ್ತೆಯ ಭುಜದಾಚೆ ನೋಡುತ್ತಿದ್ದಳು.

"ದೊಯ್ದುಕ್!"

ಅದು ಹಾಜರಿ ಕರೆಯುವ ದನಿ. ಗೋಡೆಗೆ ತಾಗಿ ವಾಪಸು ಬರುವ ದನಿ. ಆ ಮನೆಗೆ ಕಾಲಿಟ್ಟ ಮೇಲೆ ಅವಳ ಹೆಸರನ್ನು ಅಲ್ಲಿ ಯಾರೂ ಕರೆದಿರಲಿಲ್ಲ. ಆರು ವರ್ಷದ ಹುಡುಗಿ ಬೆಂಚಿನಿಂದ ಏಳುವ ಹಾಗೆ ಅವಳು ಎದ್ದು ನಿಂತಳು. ಬಾಯಿ ತಾನಾಗಿ ತೆರೆಯಿತು. ಹಲ್ಲಿನ ನಡುವೆ ಇದ್ದ ಬಟ್ಟೆ ತಾನಾಗಿ ಬಿತ್ತು.

"ಇದ್ದೀನಿ, ಮುಗಲ್ಲಿಮ್."

ಮಾವನ ಅಂಗೈಗಳು ಎತ್ತಿದಲ್ಲೇ ಉಳಿದವು. ಸೊಸೆಯ ಬಾಯನ್ನು ಅವನು ನೋಡಿದ್ದು ಅದೇ ಮೊದಲು. ಅದು ಕೆಂಪಗಿತ್ತು.

"ನಾನು ಹೇಳಿದ್ದು ಬರ್ತೀನಿ ಅಂತ," ಎಂದಳು ದೊಯ್ದುಕ್. "ಮನೆಯೇ ಸಾಕು ಅಂತ ನಾನು ಅಂದಿಲ್ಲ. ಬರ್ತೀನಿ ಅಂದೆ. ಅತ್ತೆಗೆ ಕೇಳಿಸ್ತು. ಇವರಿಗೂ ಕೇಳಿಸ್ತು."

"ಮುಚ್ಚೇ ಬಾಯಿ!" ಬೊಸ್ಸಾನ್ ಧಡಕ್ಕನೆ ಎದ್ದಳು. ಜೋತಾಡುತ್ತಿದ್ದ ಶಾಲಿನ ಅಂಚು ಹಿಡಿದು ಸೊಸೆಯ ಬಾಯಿಗೆ ಒತ್ತಿದಳು. "ಬಣ್ಣ ಬೇರೆ! ಹಿರಿಯರ ಮುಂದೆ ಬಣ್ಣ!" ಒತ್ತಿದ್ದು ಸಾಲದೆ ಉಜ್ಜಿದಳು, ಪಾತ್ರೆಯ ತಳ ಉಜ್ಜುವ ಹಾಗೆ, ಎಡಕ್ಕೆ, ಬಲಕ್ಕೆ, ತುಟಿ ಹಲ್ಲಿಗೆ ತಾಗುವ ಹಾಗೆ. ದೊಯ್ದುಕ್ ಅಲ್ಲಾಡಲಿಲ್ಲ. ಉಸಿರು ಸೋತು ಬೊಸ್ಸಾನ್ ಕೈ ತೆಗೆದು ಬಟ್ಟೆ ನೋಡಿದಳು.

ಬೆಣ್ಣೆಯ ಬಣ್ಣವೇ ಇತ್ತು. ಒಂದು ಚುಕ್ಕೆ ಇರಲಿಲ್ಲ. ಅವಳು ಮಗ್ಗುಲು ತಿರುಗಿಸಿ ನೋಡಿದಳು; ಅಲ್ಲೂ ಇಲ್ಲ. ಎದುರಿಗಿದ್ದ ಬಾಯಿ ಮಾತ್ರ ಇದ್ದಷ್ಟೇ ಕೆಂಪಗಿತ್ತು.

ಬಾಗಿಲ ಬಳಿ ಮಾಯ್ಸಾ ಕಿಸಕ್ಕನೆ ನಕ್ಕು, ನಕ್ಕಿದ್ದಕ್ಕೆ ಹೆದರಿ ಬಾಯಿಗೆ ಕೈ ಅಡ್ಡ ಹಿಡಿದಳು. ಹಿಡಿದ ಕೈಯನ್ನು ಒಂದು ಕ್ಷಣ ನೋಡಿ, ತೆಗೆದಳು.

ಒಗುಲ್‌ನಬಾತ್ ಮೊಣಕಾಲು ಹಿಡಿದುಕೊಂಡು ಎದ್ದಳು. "ಅವಳು ಏನಂತಾಳೋ ಅದೇ ಅಂದ್ರಿ, ಹುದಾಯ್‌ನಜರ್ ಆಗಾ. ಮಾತು ನಿಮ್ದು. ಊರಿಗೆಲ್ಲ ಹೇಳ್ತೀನಿ, ಎಷ್ಟು ದೊಡ್ಡ ಮನಸ್ಸು ಅಂತ." ಚಿನ್ನದ ಹಲ್ಲು ಹೊಳೆಯಿತು. ಆಮೇಲೆ ಸೊಸೆಯ ಕಡೆ ತಿರುಗಿ, ಮೆಚ್ಚುಗೆಯ ಒಂದು ಮಾತೂ ಆಡದೆ, "ನಾಳೆ ಬೆಳಿಗ್ಗೆ ಬಾ. ಬೇಸಿಗೆಯ ಧೂಳೆಲ್ಲ ಬೆಂಚಿನ ಮೇಲೆ ಕೂತಿದೆ. ಒರೆಸೋಕೆ ಬಟ್ಟೆ ಮನೆಯಿಂದ ತಗೊಂಡ್ ಬಾ, ಶಾಲೇಲಿ ಇಲ್ಲ," ಎಂದು ಹೊರಟುಹೋದಳು.

ಆ ಮಧ್ಯಾಹ್ನ ಮನೆಯಲ್ಲಿ ಪಾತ್ರೆಗಳಷ್ಟೇ ಸದ್ದು ಮಾಡಿದವು. ಹುದಾಯ್‌ನಜರ್ ಸೊಸೆ ಇರುವ ಕಡೆ ಮುಖ ಹಾಕಲಿಲ್ಲ. ಅವನಿಗೆ ಚಹಾ ಬೇಕಾಯಿತು. "ಅವಳಿಗೆ ಹೇಳು, ಕೆಟಲು ತರ್ಲಿ ಅಂತ," ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. ಬೊಸ್ಸಾನ್ ಅದನ್ನು ಗಟ್ಟಿಯಾಗಿ ಹೇಳಬೇಕಾಯಿತು. ಉಡುಗೊರೆ ಇಲ್ಲ, ಹಾರೈಕೆ ಇಲ್ಲ. ಬಟ್ಟೆ ಬಿದ್ದಿತ್ತು, ಯಾರೂ ಎತ್ತಿರಲಿಲ್ಲ, ಅಷ್ಟೇ.

ದೊಯ್ದುಕ್ ಅಡುಗೆಮನೆಯಲ್ಲಿ ಪಲಾವಿನ ಕಡಾಯಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಕೈಯಿಂದಲೇ ತಿನ್ನುತ್ತಿದ್ದಳು. ತಳದಲ್ಲಿ ಕುರಿಯ ಕೊಬ್ಬು ಹೀರಿದ ಅನ್ನ. ಎಂಥ ಹಸಿವು! ಎಣ್ಣೆ ತುಟಿಗೆ ಹತ್ತುತ್ತಿತ್ತು, ಕೆಂಪು ಕರಗಿ ಬೆರಳಿಗೆ ಬರುತ್ತಿತ್ತು. ಅವಳು ಬೆರಳನ್ನೂ ನೆಕ್ಕಿದಳು.

ಕೆರ್ವೆನ್ ಬಂದು ಒಲೆಯ ಪಕ್ಕ ನಿಂತ. ಅವನ ಕೈಯಲ್ಲಿ ಆ ಶಾಲಿತ್ತು.

"ಅಪ್ಪ ಬಹಳ ನೊಂದ್ಕೊಂಡಿದಾರೆ," ಎಂದ. "ಶಾಲೆಗೆ ಹೋಗು, ನಾನು ಬೇಡ ಅನ್ನಲ್ಲ. ಮನೇಲಿ ಮಾತ್ರ ಇದನ್ನ ಇನ್ನೊಂದು ವಾರ ಹಾಕ್ಕೋ. ಒಂದೇ ವಾರ. ನನಗೋಸ್ಕರ."

ಅವಳು ತುತ್ತು ನುಂಗಿದಳು. ಕೈ ತೊಳೆದುಕೊಂಡು ಶಾಲನ್ನು ಅವನಿಂದ ಇಸಿದುಕೊಂಡಳು. ಮಡಿಸಿದಳು, ಇನ್ನೊಮ್ಮೆ ಮಡಿಸಿದಳು, ಬೆಂಚು ಒರೆಸಲು ಹದವಾಗಿ ಕೈಗೆ ಸಿಗುವಷ್ಟು ಅಗಲಕ್ಕೆ.

"ಇದು ನಾಳೆ ನಂಗೆ ಬೇಕು," ಎಂದಳು. "ಆಮೇಲೆ ಒಗೆದು ಕೊಡ್ತೀನಿ. ಬೇಕಿದ್ರೆ ನೀನು ಹಾಕ್ಕೋ. ನಿನ್ನ ಬಾಯಿಗೆ ಇದೇನೂ ಹೊಸದಲ್ಲ."

ಅವನು ಖಾಲಿಯಾದ ತನ್ನ ಕೈಗಳನ್ನು ನೋಡಿಕೊಂಡ. ಅವಳು ಕಾದಳು. ನಿಜಕ್ಕೂ ಕಾದಳು, ಕಡಾಯಿಯ ಮೇಲೆ ಕೈ ಇಟ್ಟುಕೊಂಡು, ಹಿಂದಿನ ಬೆಂಚಿನ ಮಗು ಉತ್ತರ ಹೇಳಲೆಂದು ಕಾಯುವ ಹಾಗೆ. ಆಮೇಲೆ ತಿರುಗಿ ಕೂತು ತಿನ್ನತೊಡಗಿದಳು.